ಕನ್ನಡ ಮಕ್ಕಳ ಮಾತಿನ ಮೇಲೆ ಡಿಸರ್ಟೇಶನ್ ಮಾಡಿದರೆ ಒಳ್ಳೆ ಜರ್ನಲ್‌ನಲ್ಲಿ ಬರುತ್ತದೆಯೇ, ಅಥವಾ ಈಗ ಓಡುತ್ತಿರುವ ವಿಷಯವನ್ನೇ ಹಿಡಿಯಬೇಕೇ?

ನೀವು ವಾಕ್-ಭಾಷಾ ಚಿಕಿತ್ಸೆಯ ಎಂಎಸ್ಸಿ ಮೊದಲ ವರ್ಷ, ಕೈಗೆ ಸಿಗುವವರು ಕನ್ನಡ ಮಾತಾಡುವ ಪುಟ್ಟ ಮಕ್ಕಳು, ಸುತ್ತಲಿನವರೆಲ್ಲ "ಡಿಸ್ಫೇಜಿಯಾ (ನುಂಗುವ ತೊಂದರೆ) ತಗೊಳ್ಳಿ, ಇಲ್ಲಾಂದ್ರೆ ಎಐ ತಗೊಳ್ಳಿ, ಈಗ ಅದೇ ಪಬ್ಲಿಶ್ ಆಗೋದು" ಅನ್ನುತ್ತಿದ್ದಾರೆ. ನನ್ನ ಕಥೆಯೂ ಇದೇ. ನಾನು ಮಕ್ಕಳ ಮಾತನ್ನೇ ಆರಿಸಿಕೊಂಡೆ, ಪೇಪರ್ ವಾಪಸ್ ಬಂತು. ವಿಷಯ ಹಳೆಯದು ಅಂತ ಯಾರೂ ಹೇಳಲಿಲ್ಲ. ವಾಪಸ್ ಬಂದದ್ದು ಕನ್ಸೆಂಟ್ ಫಾರ್ಮಿನಲ್ಲಿದ್ದ ಒಂದೇ ಒಂದು ಸಾಲಿನಿಂದ.

ಮೂರೂವರೆಯಿಂದ ಐದೂವರೆ ವರ್ಷದ 24 ಮಕ್ಕಳು. 12 ಮಕ್ಕಳಿಗೆ ಭಾಷೆಯ ತೊಂದರೆ, ಉಳಿದ 12 ಮಂದಿ ಸಾಮಾನ್ಯವಾಗಿ ಬೆಳೆಯುತ್ತಿರುವವರು. ಚಿತ್ರ ತೋರಿಸಿ ಕಥೆ ಹೇಳಿಸಿ, ಆಟದ ನಡುವೆ ಮಾತಾಡಿಸಿ, ತಲಾ 50 ಅಟರೆನ್ಸ್ (ಒಂದು ಸಲಕ್ಕೆ ಆಡಿದ ಮಾತು) ಬರೆದುಕೊಂಡು ಎಂಎಲ್‌ಯು, ಅಂದರೆ ಮಾತಿನ ಸರಾಸರಿ ಉದ್ದ, ಲೆಕ್ಕ ಹಾಕಿದ್ದು. ರಿವ್ಯೂವರ್ ಕೇಳಿದ್ದು ಇಷ್ಟೇ: ಎರಡನೆಯವರು ಎಷ್ಟು ಭಾಗವನ್ನು ಸ್ವತಂತ್ರವಾಗಿ ಕೇಳಿ ಬರೆದರು, ಇಬ್ಬರ ಲೆಕ್ಕ ಎಷ್ಟು ಹೊಂದಿತು?

ನನ್ನ ಹೊರತು ಯಾರೂ ಕೇಳಿಸಿಕೊಂಡಿರಲಿಲ್ಲ. ಸರಿ, 24ರಲ್ಲಿ ಐದು ರೆಕಾರ್ಡಿಂಗ್ ಆರಿಸಿ ಸಹಪಾಠಿಗೆ ಕೊಟ್ಟರಾಯಿತು ಅಂದುಕೊಂಡು ಫೈಲ್ ತೆಗೆದಾಗ ಕಂಡದ್ದು ನಾನೇ ಬರೆದ ಸಾಲು: "ಈ ಧ್ವನಿಮುದ್ರಣವನ್ನು ಸಂಶೋಧಕರ ಹೊರತು ಬೇರೆ ಯಾರೂ ಕೇಳುವುದಿಲ್ಲ." ತಂದೆತಾಯಿಗೆ ಧೈರ್ಯ ಬರಲಿ ಅಂತ ಸೇರಿಸಿದ್ದು. ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟದ್ದು ಆ ಮಾತಿಗೇ, 24 ಮನೆಯವರು ಸಹಿ ಹಾಕಿದ್ದೂ ಆ ಮಾತಿಗೇ. ಮಗುವಿನ ಹೆಸರು ಅಳಿಸಿ ಕೊಟ್ಟರೂ ಧ್ವನಿ ಧ್ವನಿಯೇ, ಕೇಳಿದರೆ ಯಾರ ಮಗು ಅಂತ ಗೊತ್ತಾಗಬಹುದು. ಇನ್ನೊಬ್ಬರ ಕಿವಿಗೆ ಹೋದರೆ ಕೊಟ್ಟ ಮಾತು ಮುರಿದ ಹಾಗೆ.

ಹಾಗಾಗಿ ಕಮಿಟಿಗೆ ತಿದ್ದುಪಡಿ ಅರ್ಜಿ ಹಾಕಬೇಕಾಯಿತು, ಮುಂದಿನ ಸಭೆಗೆ ಕಾಯಬೇಕಾಯಿತು, ಆಮೇಲೆ 24 ಮನೆಗೂ ಮತ್ತೆ ಫೋನ್. ಕೆಲವರ ನಂಬರ್ ಬದಲಾಗಿತ್ತು, ಇಬ್ಬರು ಬೇಡ ಅಂದರು. ಕೊನೆಗೆ ಹೊಸ ಸಹಿ ಸಿಕ್ಕಿದ್ದು 17. ಇಷ್ಟೇ ಆಗಿದ್ದರೆ ತಡ ಆಯಿತು ಅಂದುಕೊಂಡು ಸುಮ್ಮನಾಗಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಸಹಪಾಠಿ ಲೆಕ್ಕ ಹಾಕಿ ಕೊಟ್ಟ ಮೇಲೆ.

ಒಂದು ಮಗು ಹೇಳಿದ ಮಾತು: "ನಾನು ಅಜ್ಜಿ ಮನೆಗೆ ಹೋಗ್ಬಿಟ್ಟೆ." ಉದ್ದ ಅಳೆಯಲು ಪದ, ಪ್ರತ್ಯಯಗಳನ್ನು ಬಿಡಿಸಿ ಎಣಿಸಬೇಕು. ನಾನು ಎಣಿಸಿದ್ದು: "ನಾನು" 1, ಅಜ್ಜಿ 1, ಮನೆ ಮತ್ತು ಗೆ 2, ಹೋಗ್ಬಿಟ್ಟ್ ಮತ್ತು ಎ 2, ಒಟ್ಟು 6. ಸಹಪಾಠಿ ಕ್ರಿಯಾಪದವನ್ನು ಪೂರ್ತಿ ಬಿಡಿಸಿದ್ದಳು: ಹೋಗ್, ಇ, ಬಿಡು, ಭೂತಕಾಲದ ಪ್ರತ್ಯಯ, ಎ. ಅದೇ 5, ಒಟ್ಟು 9. ಒಂದೇ ಮಾತು, ಒಬ್ಬರಿಗೆ 6, ಇನ್ನೊಬ್ಬರಿಗೆ 9. ಆ "ಇ" ಅಂತೂ ಮಗುವಿನ ಬಾಯಲ್ಲಿ ಬಂದೇ ಇಲ್ಲ, ಬರಹದ ಕನ್ನಡದಲ್ಲಿ ಮಾತ್ರ ಇದೆ. ಅದನ್ನು ಎಣಿಸಬೇಕೋ ಬೇಡವೋ? ಪದದ ಲೆಕ್ಕದಲ್ಲಿ ಹೋದರೂ ಹೋಗ್ಬಿಟ್ಟೆ ಒಂದು ಪದವೋ ಎರಡೋ ಅಂತ ಮೊದಲೇ ತೀರ್ಮಾನ ಆಗಿರಬೇಕು. ರೋಜರ್ ಬ್ರೌನ್ 1973ರಲ್ಲಿ ಕೊಟ್ಟ ಎಣಿಕೆಯ ನಿಯಮಗಳು ಇಂಗ್ಲಿಷ್ ಮಕ್ಕಳ ಮಾತಿಗೆ ಬರೆದವು, ನಮ್ಮ "ಬಿಟ್ಟೆ", "ಬಂದವ್ನೆ", "ಹೋಗ್ತವ್ರೆ"ಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಅಂದರೆ 1200 ಅಟರೆನ್ಸ್‌ಗಳನ್ನು ನಾನು ನಿಯಮವಿಲ್ಲದೆ ಎಣಿಸಿದ್ದೆ. ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ. ಅದಕ್ಕಿಂತ ಕೆಟ್ಟದ್ದು, ಯಾವ ಮಗು ಯಾವ ಗುಂಪು ಅಂತ ನನಗೆ ಗೊತ್ತಿತ್ತು. ಅನುಮಾನ ಬಂದ ಕಡೆ ಸಾಮಾನ್ಯ ಗುಂಪಿನ ಮಗುವಿಗೆ ಧಾರಾಳವಾಗಿ, ತೊಂದರೆಯ ಗುಂಪಿಗೆ ಬಿಗಿಯಾಗಿ ಎಣಿಸಿದ್ದು ಎರಡು ಲೆಕ್ಕ ಪಕ್ಕಪಕ್ಕ ಇಟ್ಟಾಗ ಎದ್ದು ಕಂಡಿತು. ನಿಯಮ ಬರೆದು, ಗುಂಪಿನ ಗುರುತು ತೆಗೆದು, ಅಷ್ಟನ್ನೂ ಮತ್ತೆ ಎಣಿಸಿದಾಗ ಗುಂಪುಗಳ ನಡುವಿನ ಅಂತರ ಉಳಿಯಿತು, ಆದರೆ ನಾನು ಮೊದಲು ಬರೆದಷ್ಟು ದೊಡ್ಡದಿರಲಿಲ್ಲ. ಎಲ್ಲ ಸೇರಿ 14 ತಿಂಗಳು. ಆ ಒಂದು ಸಾಲು ಎರಡನೆಯ ಕಿವಿಗೆ ಬಾಗಿಲು ಹಾಕಿತ್ತು. ಎರಡನೆಯ ಕಿವಿ ಮೊದಲ ವಾರವೇ ಇದ್ದಿದ್ದರೆ 6 ಮತ್ತು 9ರ ಜಗಳ ಮೊದಲ ಮಗುವಿನಲ್ಲೇ ಹೊರಗೆ ಬೀಳುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಯಾವ ವಿಷಯ ಓಡುತ್ತಿದೆ ಅಂತ ನೋಡಿ ಡಿಸರ್ಟೇಶನ್ ಆರಿಸುವುದೇ ತಪ್ಪು. ಇವತ್ತು ವಿಷಯ ಆರಿಸಿದರೆ ಎಥಿಕ್ಸ್, ಡೇಟಾ, ವೈವಾ, ಸಬ್ಮಿಶನ್, ಎರಡು ಸುತ್ತು ರಿವಿಶನ್ ಮುಗಿಯುವಾಗ ಎರಡೂವರೆ ವರ್ಷ ಕಳೆದಿರುತ್ತದೆ. 2020ರಲ್ಲಿ ಟೆಲಿಪ್ರಾಕ್ಟೀಸ್ ಪೇಪರ್‌ಗಳು ಹೊಳೆಯಂತೆ ಬಂದವು. "ಆನ್‌ಲೈನ್ ಥೆರಪಿ ಬಗ್ಗೆ ಚಿಕಿತ್ಸಕರ ಅಭಿಪ್ರಾಯ" ಅಂತ ಗೂಗಲ್ ಫಾರ್ಮ್ ಹಂಚಿ ಬರೆದವು ಆ ಹೊಳೆಯಲ್ಲೇ ಮುಳುಗಿದವು.

ನುಂಗುವಿಕೆ ದೊಡ್ಡ ಕ್ಷೇತ್ರ, ನಿಜ. ಅದಕ್ಕೇ ಮೀಸಲಾದ ಡಿಸ್ಫೇಜಿಯಾ ಜರ್ನಲ್ 1986ರಿಂದ ಬರುತ್ತಿದೆ. ಆದರೆ ನುಂಗುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ವಿಡಿಯೋಫ್ಲೋರೋಸ್ಕೋಪಿ ಅಥವಾ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡುವ ಫೀಸ್ (FEES) ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಡೇಟಾ ನಿಮ್ಮದಲ್ಲ, ರೇಡಿಯಾಲಜಿಯವರದ್ದು, ಇಎನ್‌ಟಿಯವರದ್ದು. ಇದ್ದರೂ ನುಂಗಿದ್ದು ಶ್ವಾಸನಾಳದ ಕಡೆ ಎಷ್ಟು ಹೋಯಿತು ಅಂತ ಅಳೆಯುವ 8 ಹಂತದ ಪೆನೆಟ್ರೇಶನ್ ಆಸ್ಪಿರೇಶನ್ ಸ್ಕೇಲ್‌ಗೆ ರಿವ್ಯೂವರ್ ಇಬ್ಬರ ಅಂಕ ಕೇಳುತ್ತಾರೆ. ಎಐ ಆದರೂ ಅಷ್ಟೇ. ಕನ್ನಡದ ಮಗುವಿನ ಮಾತನ್ನು ಯಂತ್ರ ಗುರುತಿಸಬೇಕಾದರೆ ಇಬ್ಬರು ಮನುಷ್ಯರು ಒಪ್ಪಿ ಬರೆದ ಕನ್ನಡ ಮಕ್ಕಳ ಮಾತು ಬೇಕು, ಅದನ್ನು ಹಂಚಲು ತಂದೆತಾಯಿಯ ಒಪ್ಪಿಗೆ ಬೇಕು. ನೀವು ಹಳೆಯದು ಅಂತ ಬಿಡಲು ಹೊರಟ ಕೆಲಸವೇ ಹೊಸದರ ಕಚ್ಚಾಮಾಲು.

ಓಡುವ ವಿಷಯಕ್ಕಿಂತ ಬದಲಾದ ಪದಗಳ ಕಡೆ ಕಣ್ಣಿಡಿ. ಮಕ್ಕಳ ಭಾಷೆಯ ತೊಂದರೆಯನ್ನು ಏನೆಂದು ಕರೆಯಬೇಕು ಅನ್ನುವ ಬಗ್ಗೆ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ ತಜ್ಞರ ಕ್ಯಾಟಲೈಸ್ ಒಮ್ಮತ 2016-17ರಲ್ಲಿ ಬಂದ ಮೇಲೆ "ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್ಮೆಂಟ್" ಜಾಗಕ್ಕೆ "ಡೆವಲಪ್ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್" ಬಂದಿದೆ. ಇದು ಹೆಸರಿನ ಬದಲಾವಣೆ ಮಾತ್ರವಲ್ಲ, ಬುದ್ಧಿಮತ್ತೆ ಮತ್ತು ಭಾಷೆಯ ನಡುವೆ ಅಂತರ ಇರಲೇಬೇಕು ಅನ್ನುವ ಷರತ್ತೂ ಹೋಯಿತು. ಮಕ್ಕಳನ್ನು ಹಳೆಯ ಮಾನದಂಡದಲ್ಲಿ ಆರಿಸಿ ಹೊಸ ಹೆಸರು ಅಂಟಿಸಿದರೆ ರಿವ್ಯೂವರ್ ಅಲ್ಲೇ ಹಿಡಿಯುತ್ತಾರೆ. ಸಾಹಿತ್ಯ ಹುಡುಕುವಾಗ ಎರಡೂ ಹೆಸರು ಹಾಕಿ.

ಇನ್ನೊಂದು, "ಕನ್ನಡದಲ್ಲಿ ಈ ಅಧ್ಯಯನ ಆಗಿಲ್ಲ" ಅನ್ನುವುದನ್ನು ಕಾರಣವಾಗಿ ಬರೆಯಬೇಡಿ. ಅದು ಯಾರನ್ನೂ ಒಪ್ಪಿಸುವುದಿಲ್ಲ, ಎಷ್ಟೋ ಸಲ ನಿಜವೂ ಅಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ, ಅದರ ಜರ್ನಲ್ 1970ರಿಂದ ಇದೆ, ಅಲ್ಲಿನ ಹಳೆಯ ಡಿಸರ್ಟೇಶನ್‌ಗಳನ್ನು ತೆರೆದು ನೋಡದೆ ಆ ವಾಕ್ಯ ಬರೆಯಲೇಬಾರದು. ಕನ್ನಡ ಏನು ಮಾಡುತ್ತದೆ ಅನ್ನುವುದನ್ನು ಬರೆಯಿರಿ: ಒಂದೇ ಕ್ರಿಯಾಪದದ ಮೇಲೆ ಕಾಲ, ಲಿಂಗ, ವಚನ, ಪುರುಷ ಎಲ್ಲ ಕೂರುತ್ತವೆ, ಭಾಷೆಯ ತೊಂದರೆಯಿರುವ ಇಂಗ್ಲಿಷ್ ಮಗು ಬಿಡುವ ಪ್ರತ್ಯಯವನ್ನು ಅಂಥದೇ ಕನ್ನಡದ ಮಗುವೂ ಬಿಡುತ್ತದೆಯೇ? ಈ ಪ್ರಶ್ನೆಗೆ ಲಂಡನ್‌ನ ರಿವ್ಯೂವರ್ ಕೂಡ ಉತ್ತರ ಬಯಸುತ್ತಾರೆ.

ಈಗ ಕೆಲಸದ ಮಾತು. ಕನ್ಸೆಂಟ್ ಫಾರ್ಮಿನಲ್ಲಿ ಒಂದೇ ಸಹಿಗೆ ಎಲ್ಲವನ್ನೂ ಕಟ್ಟಬೇಡಿ. ನಾಲ್ಕು ಸಾಲು, ಪ್ರತಿ ಸಾಲಿಗೂ ಬೇರೆ ಹೌದು/ಇಲ್ಲ: ತರಬೇತಿ ಪಡೆದ ಎರಡನೆಯ ವ್ಯಕ್ತಿ ಕೇಳಬಹುದೇ, ಅಧ್ಯಯನ ಮುಗಿದ ಮೇಲೂ ಇಷ್ಟು ವರ್ಷ ಇಟ್ಟುಕೊಳ್ಳಬಹುದೇ, ಬೇರೆ ಸಂಶೋಧಕರಿಗೆ ಕೊಡಬಹುದೇ, ತರಗತಿ ಅಥವಾ ಸಮ್ಮೇಳನದಲ್ಲಿ ಕೇಳಿಸಬಹುದೇ. ಮೊದಲನೆಯದಕ್ಕೆ ಇಲ್ಲ ಅಂದವರನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಪ್ರೊಟೊಕಾಲ್‌ನಲ್ಲೇ ಬರೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಲಿಖಿತ ಸಮ್ಮತಿ ಬೇಕು, ತಂದೆತಾಯಿಯ ಸಹಿ ಹೇಗೂ ಬೇಕು. ಅದಕ್ಕಿಂತ ಚಿಕ್ಕ ಮಗು ಮೈಕ್ ತಳ್ಳಿದರೆ ಅದನ್ನೇ ಬೇಡ ಅಂತ ತಿಳಿದು ನಿಲ್ಲಿಸಿ.

ಡೇಟಾ ಶುರುವಾಗುವ ಮೊದಲು ಎರಡು ಪೈಲಟ್ ರೆಕಾರ್ಡಿಂಗ್ ಮಾಡಿ, ಇಬ್ಬರೂ ಬೇರೆಬೇರೆ ಕೂತು ಎಣಿಸಿ, ಜಗಳ ಬಂದ ಕಡೆಯೆಲ್ಲ ಒಂದು ನಿಯಮ ಬರೆಯಿರಿ. ಆಮೇಲೆ ಹೊಸ ಎರಡು ರೆಕಾರ್ಡಿಂಗ್ ಮೇಲೆ ಆ ನಿಯಮ ಪರೀಕ್ಷಿಸಿ, ಹಳೆಯದರ ಮೇಲಲ್ಲ. ಫೈಲಿನ ಹೆಸರಿನಲ್ಲಿ ಗುಂಪಿನ ಸುಳಿವು ಇರಬಾರದು. ಮುಖ್ಯ ಡೇಟಾದಲ್ಲಿ ಕನಿಷ್ಠ 20% ಅನ್ನು, ಎರಡೂ ಗುಂಪುಗಳಿಂದ, ಲಾಟರಿ ಎತ್ತಿದ ಹಾಗೆ ಆರಿಸಿ ಎರಡನೆಯವರಿಗೆ ಕೊಡಿ. ಚೆನ್ನಾಗಿ ಕೇಳಿಸುವುದನ್ನೇ ಆರಿಸಿ ಕೊಡುವುದು ಎಲ್ಲರೂ ಮಾಡುವ ತಪ್ಪು.

ಹೊಂದಾಣಿಕೆಯನ್ನು ಬರಿ ಶೇಕಡಾದಲ್ಲಿ ಹೇಳಿದರೆ ಸಾಲದು. ಉಗ್ಗಿನ ಮೇಲೆ ಕೆಲಸ ಮಾಡುವವರು ಇದನ್ನು ಗಮನಿಸಬೇಕು. 100 ಸಿಲೆಬಲ್‌ನಲ್ಲಿ ಒಬ್ಬರು 5 ಕಡೆ ಉಗ್ಗು ಗುರುತಿಸಿದರು, ಇನ್ನೊಬ್ಬರು ಒಂದನ್ನೂ ಗುರುತಿಸಲಿಲ್ಲ ಅನ್ನಿ. ಹೊಂದಾಣಿಕೆ 95%, ಆದರೆ ಎರಡನೆಯವರಿಗೆ ಉಗ್ಗೇ ಕೇಳಿಸಿಲ್ಲ. ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ನೋಡುವ ಕಪ್ಪಾ ಲೆಕ್ಕ ಹಾಕಿದರೆ ಸೊನ್ನೆ. ಇದೆ, ಇಲ್ಲ ಅನ್ನುವ ತೀರ್ಪಿಗೆ ಕಪ್ಪಾ, ಎಂಎಲ್‌ಯುನಂಥ ಅಂಕಿಗೆ ಐಸಿಸಿ, ಅಂದರೆ ಇಂಟ್ರಾಕ್ಲಾಸ್ ಕೋರಿಲೇಶನ್. ಐಸಿಸಿ ಕೊಡುವಾಗ ಯಾವ ಮಾದರಿ, ಸಿಂಗಲ್ ಮೆಶರ್ ಹೌದೇ, ಅಬ್ಸೊಲ್ಯೂಟ್ ಅಗ್ರಿಮೆಂಟ್ ಹೌದೇ, 95% ಕಾನ್ಫಿಡೆನ್ಸ್ ಇಂಟರ್ವಲ್ ಎಷ್ಟು, ಎಲ್ಲ ಬರೆಯಿರಿ. ಐಸಿಸಿ 0.75ರಿಂದ 0.90ರ ನಡುವೆ ಇದ್ದರೆ ಒಳ್ಳೆಯದು ಅಂತ ಲೆಕ್ಕ.

ಥೆರಪಿಯ ಪರಿಣಾಮ ನೋಡುವ ಅಧ್ಯಯನವಾದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಲ್ಲಿ ನೋಂದಣಿ ಆಗಿರಬೇಕು, 2018ರ ಏಪ್ರಿಲ್ 1ರಿಂದ ತಡವಾಗಿ ನೋಂದಾಯಿಸಲು ಬಿಡುವುದಿಲ್ಲ. ಒಬ್ಬಿಬ್ಬರನ್ನೇ ಮತ್ತೆ ಮತ್ತೆ ಅಳೆಯುವ ಸಿಂಗಲ್ ಕೇಸ್ ಡಿಸೈನ್ ಆದರೆ, ವರದಿಯಲ್ಲಿ ಏನೇನಿರಬೇಕು ಅನ್ನುವ ಸ್ಕ್ರೈಬ್ 2016 ಪಟ್ಟಿಯ 26 ಅಂಶಗಳನ್ನು ಬರೆಯಲು ಕೂತಾಗ ಅಲ್ಲ, ಯೋಜನೆ ಮಾಡುವಾಗಲೇ ತೆರೆದಿಟ್ಟುಕೊಳ್ಳಿ.

ಎಲ್ಲಿಗೆ ಕಳಿಸಬೇಕು ಅಂದರೆ, ಲಿಪ್ಯಂತರ ಮತ್ತು ಎಣಿಕೆಯ ನಿಯಮವೇ ನಿಮ್ಮ ಮುಖ್ಯ ಕೊಡುಗೆ ಆದರೆ ಕ್ಲಿನಿಕಲ್ ಲಿಂಗ್ವಿಸ್ಟಿಕ್ಸ್ ಅಂಡ್ ಫೊನೆಟಿಕ್ಸ್. ಚಿಕಿತ್ಸಕರು ಬಳಸುವ ಫಲಿತಾಂಶವಿದ್ದರೆ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಲ್ಯಾಂಗ್ವೇಜ್ ಅಂಡ್ ಕಮ್ಯುನಿಕೇಶನ್ ಡಿಸಾರ್ಡರ್ಸ್. ಓಪನ್ ಆಕ್ಸೆಸ್ ಆರಿಸದಿದ್ದರೆ ಎರಡಕ್ಕೂ ದುಡ್ಡು ಕಟ್ಟಬೇಕಿಲ್ಲ. ಇಲ್ಲಿನ ಮಕ್ಕಳ ನಾರ್ಮ್ಸ್ (ವಯಸ್ಸಿಗೆ ತಕ್ಕ ಸಾಮಾನ್ಯ ಮಟ್ಟ) ಆದರೆ ಭಾರತೀಯ ವಾಕ್ ಶ್ರವಣ ಸಂಘ ಇಶಾದ ಜರ್ನಲ್ ಅಥವಾ ಮೈಸೂರಿನ ಜರ್ನಲ್, ನಿಜವಾಗಿ ಅದನ್ನು ಓದಿ ಬಳಸುವವರು ಅಲ್ಲಿದ್ದಾರೆ. ಮೂರು ದಿನದಲ್ಲಿ ಒಪ್ಪಿಗೆ ಅನ್ನುವ ಮೇಲ್‌ಗಳಿಗೆ ಉತ್ತರಿಸಬೇಡಿ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಆದರೂ ಅದರ ಹೆಸರು ಹಾಕಿಕೊಂಡು ಕರೆಯುವವರಿದ್ದಾರೆ. ಸ್ಕೋಪಸ್‌ನಲ್ಲಿದೆ ಅಂತ ಜರ್ನಲ್ ಹೇಳಿಕೊಂಡರೆ ಸ್ಕೋಪಸ್ ಸೈಟಿನಲ್ಲೇ ಐಎಸ್‌ಎಸ್‌ಎನ್ ಹಾಕಿ ನೋಡಿ.

ನಿಮ್ಮ ಎಥಿಕ್ಸ್ ಅರ್ಜಿ ಆಗಲೇ ಹೋಗಿದ್ದರೆ ಗಾಬರಿ ಬೇಡ. ಒಂದು ಪುಟದ ತಿದ್ದುಪಡಿ ಪತ್ರ, ಬದಲಾದ ಸಾಲಿಗೆ ಹಳದಿ ಬಣ್ಣ ಬಳಿದ ಹೊಸ ಫಾರ್ಮ್, ಹೊಸ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ, ಕನ್ನಡದ್ದು ಇಂಗ್ಲಿಷಿನದ್ದು ಎರಡೂ. ಮುಂದಿನ ಸಭೆಯ ಕೊನೆಯ ದಿನ ಯಾವುದು ಅಂತ ಇವತ್ತೇ ಕಮಿಟಿಯ ಕಚೇರಿಗೆ ಫೋನ್ ಮಾಡಿ ಕೇಳಿ, ಅಲ್ಲಿಯವರೆಗೆ ಒಂದು ಮಗುವನ್ನೂ ರೆಕಾರ್ಡ್ ಮಾಡಬೇಡಿ.