ಕೊಡಗಿನ ಮಳೆಗಾಲದ ಅಡುಗೆಮನೆಗೆ ಕಡುಬಣ್ಣ ಒಗ್ಗುವುದೇ?

ನೀವು ಕೇಳಿರುವುದು ಇಷ್ಟು: ಮಡಿಕೇರಿಯ ಹತ್ತಿರ ಕಟ್ಟಿಸುತ್ತಿರುವ ಮನೆಯಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಅಡುಗೆಮನೆ, ಪಶ್ಚಿಮಕ್ಕೆ ಒಂದೇ ಕಿಟಕಿ, ಕೆಂಪು ರೆಡ್ ಆಕ್ಸೈಡ್ ನೆಲ. ಅಲ್ಲಲ್ಲಿ ಕಡು ಹಸಿರನ್ನೋ ಇದ್ದಿಲಿನ ಬಣ್ಣವನ್ನೋ ಕೊಡಬೇಕೆಂಬ ಆಸೆಯಿದೆ, ಆದರೆ ಕೋಣೆ ಕತ್ತಲಾದೀತೆಂಬ ಅಳುಕೂ ಇದೆ. ಧಾರಾಳವಾಗಿ ಕೊಡಬಹುದು. ಆದರೆ ಕೌಂಟರಿನ ಮಟ್ಟದಿಂದ ಕೆಳಗೆ ಮಾತ್ರ ಕೊಡಿ, ಮತ್ತು ಬಣ್ಣವನ್ನು ಮಾರ್ಚ್ ತಿಂಗಳ ಬಿಸಿಲಿನಲ್ಲಿ ನಿಂತು ಆರಿಸಬೇಡಿ. ಈ ಎರಡನ್ನೂ ನಾನು ಕೈಸುಟ್ಟುಕೊಂಡು ಕಲಿತವನು.

ನಾಪೋಕ್ಲು ಕಡೆಯ ನಮ್ಮ ಮನೆಯ ಅಡುಗೆಮನೆಯನ್ನು ಕೆಲವು ವರ್ಷಗಳ ಹಿಂದೆ ಹೊಸದಾಗಿ ಮಾಡಿಸಿದಾಗ, ಮೇಲಿನ ಕಪಾಟುಗಳಿಗೂ ಒಲೆಯ ಹಿಂದಿನ ಇಡೀ ಗೋಡೆಗೂ ಇದ್ದಿಲಿನ ಬಣ್ಣವನ್ನೇ ಹೊಡೆಸಿದ್ದೆ. ಕಾಫಿ ಹೂ ಬಿಡುವ ಕಾಲ. ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದು ಬೆಳಕು ತುಂಬಿ ತುಳುಕುತ್ತಿದ್ದುದರಿಂದ, ಬಂದವರೆಲ್ಲ ಮೆಚ್ಚಿದ್ದರು. ಜುಲೈ ಬಂತು. ಬೆಳಗಿನ ಹನ್ನೊಂದು ಗಂಟೆಗೂ ದೀಪ ಹಾಕದೆ ಅಕ್ಕಿಯಲ್ಲಿ ಕಲ್ಲು ಆರಿಸಲಾಗದ ಸ್ಥಿತಿ. ನನ್ನ ಅವ್ವ ಬಾಗಿಲಲ್ಲೇ ನಿಂತು, "ಹೊಗೆಯ ಒಲೆ ಬಿಟ್ಟು ಮೂವತ್ತು ವರ್ಷವಾಯಿತು, ಈಗ ದುಡ್ಡು ಕೊಟ್ಟು ಮಸಿ ಬಳಿಸಿಕೊಂಡೆಯಲ್ಲ" ಎಂದರು. ಅವರು ಬೆಳೆದ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆಯಲ್ಲಿ) ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುತ್ತಿದ್ದುದರಿಂದ ತೊಲೆಯೂ ಗೋಡೆಯೂ ಕಪ್ಪೇ ಆಗಿದ್ದವು. ಆದರೆ ಆ ಕಪ್ಪಿಗೆ ಪರಿಹಾರವಾಗಿ ಹಂಚುಗಳ ನಡುವೆ ಗಾಜಿನ ಹಂಚನ್ನು ಕೂರಿಸುವ ಬುದ್ಧಿಯೂ ಅಂದಿನವರಿಗಿತ್ತು. ಕಾಂಕ್ರೀಟಿನ ತಾರಸಿಯ ಕೆಳಗಿರುವ ನನಗೆ ಆ ಅನುಕೂಲವಿರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಒಂದು ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಹಿಂದಕ್ಕೆ ಕೊಡುತ್ತದೆ ಎಂಬುದನ್ನು 0ಯಿಂದ 100ರ ವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಅನೇಕ ಬಣ್ಣದ ಕಂಪನಿಗಳ ಶೇಡ್ ಕಾರ್ಡಿನಲ್ಲಿ ಇದು ಸಿಗುತ್ತದೆ. ಒಳ್ಳೆಯ ಬಿಳಿಯ ಅಂಕಿ 80ಕ್ಕಿಂತ ಮೇಲಿದ್ದರೆ, ಇದ್ದಿಲಿನ ಬಣ್ಣದ್ದು ಸಾಮಾನ್ಯವಾಗಿ 10ರ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ಇರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ಬೀಸಿ ಹೊಡೆಯುವುದು ಹೆಚ್ಚಾಗಿ ನಿಮ್ಮ ಕಿಟಕಿಯಿರುವ ಪಶ್ಚಿಮ ಮತ್ತು ನೈಋತ್ಯ ದಿಕ್ಕುಗಳಿಂದಲೇ ಆದ್ದರಿಂದ, ಅಲ್ಲಿ ಸಜ್ಜಾವನ್ನು ಉದ್ದವಾಗಿ ಚಾಚಲೇಬೇಕು, ಕಿಟಕಿಯನ್ನು ಮುಚ್ಚಿಯೇ ಇಡಬೇಕು. ಆಗ ಒಳಬರುವ ಅಷ್ಟಿಷ್ಟು ಮಂಕು ಬೆಳಕು ಕೋಣೆಯ ತುಂಬ ಹರಡುವುದು ಸೀಲಿಂಗಿಗೂ ಗೋಡೆಯ ಮೇಲ್ಭಾಗಕ್ಕೂ ತಾಗಿ ಚದುರುವುದರಿಂದ. ಆ ಭಾಗವೇ ಕಪ್ಪಾಗಿದ್ದರೆ ಬೆಳಕು ಅಲ್ಲಿಗೇ ಇಂಗಿಹೋಗುತ್ತದೆ. ಕೌಂಟರಿನ ಕೆಳಗಿನ ಶಟರುಗಳಾದರೋ (ಕಪಾಟಿನ ಬಾಗಿಲುಗಳು) ಕೌಂಟರಿನದೇ ನೆರಳಿನಲ್ಲಿರುವುದರಿಂದ, ಅವು ಬಿಳಿಯಿದ್ದರೂ ಕೋಣೆಗೆ ಸಿಗುವ ಬೆಳಕು ಹೆಚ್ಚೇನೂ ಏರುವುದಿಲ್ಲ, ಕಪ್ಪಾದರೂ ಹೆಚ್ಚೇನೂ ಇಳಿಯುವುದಿಲ್ಲ.

ಒಳಾಂಗಣ ವಿನ್ಯಾಸಕರು ನೂರರಲ್ಲಿ ಮುಖ್ಯ ಬಣ್ಣ 60, ಜೊತೆಯದು 30, ಎದ್ದು ಕಾಣುವ ಬಣ್ಣ 10 ಎಂಬ ಪ್ರಮಾಣವನ್ನು ಹೇಳುತ್ತಾರೆ. ಮಳೆ ಮಡಿಕೇರಿಯದರ ಅರ್ಧಕ್ಕಿಂತಲೂ ಕಡಿಮೆಯಿರುವ ಕುಶಾಲನಗರದ ಕಡೆಯಾಗಿದ್ದರೆ ಕಡುಬಣ್ಣಕ್ಕೆ ಆ 30ರ ಪಾಲನ್ನೂ ಕೊಡಿ ಎನ್ನುತ್ತಿದ್ದೆ. ನಿಮ್ಮಲ್ಲಿ ಹಾಗಾಗದು, ಕಪ್ಪು ಕಲ್ಲಿನ ಕೌಂಟರ್ ಹಾಕುವುದಾದರೆ ಅದೂ ಕಡುಬಣ್ಣದ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಹಸಿರೋ ಇದ್ದಿಲೋ ಎಂಬುದು ರುಚಿಯ ಪ್ರಶ್ನೆ. ನನ್ನನ್ನು ಕೇಳಿದರೆ, ಕಿಟಕಿಯಾಚೆ ಕಾಫಿತೋಟವಿರುವ ಮನೆಯಲ್ಲಿ ಒಳಗೂ ಹಸಿರು ಹೊಡೆದರೆ, ಹೊರಗಿನ ಹಸಿರಿನ ಮುಂದೆ ಒಳಗಿನದು ಸಪ್ಪೆಯಾಗುತ್ತದೆ. ಅಲ್ಲದೆ ನಿಮ್ಮ ನೆಲದ ಕೆಂಪೇ ಒಂದು ಗಾಢ ಬಣ್ಣ. ಅದರ ಪಕ್ಕದಲ್ಲಿ ಕಡು ಹಸಿರು ಜಗಳವಾಡುತ್ತದೆ, ಇದ್ದಿಲಿನ ಬಣ್ಣವಾಗಲಿ ಬೀಟೆ ಮರದ ಕಂದಾಗಲಿ ಹೊಂದಿಕೊಂಡು ಹೋಗುತ್ತದೆ.

ಕೌಂಟರಿನ ಕಲ್ಲಿನ ವಿಷಯವನ್ನು ನೀವು ಕೇಳಿಲ್ಲವಾದರೂ ನಮ್ಮ ಊರಿನ ಅಡುಗೆಗೆ ಇದು ಮುಖ್ಯವಾದ್ದರಿಂದ ಹೇಳಬೇಕು. ಅಗ್ಗವೆಂದು ಕಪ್ಪು ಕಡಪ ಕಲ್ಲನ್ನು ಕೌಂಟರಿಗೆ ಹಾಸಬೇಡಿ. ಅದು ಸುಣ್ಣದಕಲ್ಲಿನ ಜಾತಿಯದು. ಆಮ್ಲ ತಾಗಿದರೆ ಅದರ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಲಿಂಬೆಯೇ ಸಾಕು, ಇನ್ನು ಪಂದಿಕರಿಗೆ ಹಾಕುವ ಕಾಚಂಪುಳಿಯ (ಕೊಡಗಿನ ಕಪ್ಪನೆಯ ಗಟ್ಟಿ ಹುಳಿರಸದ) ಬಾಟಲಿಯನ್ನು ಬುಡ ಒರೆಸದೆ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಅಲ್ಲೊಂದು ಮಂಕು ಬಳೆ ಮೂಡಿರುತ್ತದೆ. ತಿಳಿ ಬಣ್ಣದ ಕಲ್ಲಿನಲ್ಲಿ ಮರೆಯಾಗಬಹುದಾದ ಆ ಗುರುತು ಕಪ್ಪಿನ ಮೇಲೆ ಢಾಳಾಗಿ ಕಾಣುತ್ತದೆ. ಚಾಮರಾಜನಗರದ ಕಡೆಯಿಂದ ಬರುವ ಕಪ್ಪು ಗ್ರಾನೈಟಿಗೆ (ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ) ಈ ತೊಂದರೆಯಿಲ್ಲ. ಆದರೆ ಬೂದು ಕಲ್ಲಿಗೆ ಕಪ್ಪು ಬಣ್ಣ ಹಿಡಿಸಿ ಮಾರುವುದೂ ಉಂಟು. ಕೊಳ್ಳುವ ಮುನ್ನ ಒಂದು ತುಂಡಿಗೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯನ್ನು ಉಜ್ಜಿ ನೋಡಿ, ಬಟ್ಟೆ ಕಪ್ಪಾದರೆ ಅಂಗಡಿ ಬದಲಿಸಿ. ಕಡಪ ಕಲ್ಲು ಕಪಾಟಿನ ಒಳಗಿನ ಅಡ್ಡಹಲಗೆಗೆ ಸಾಕಷ್ಟು ಚೆನ್ನಾಗಿಯೇ ನಡೆಯುತ್ತದೆ.

ಇನ್ನು ಬೂಷ್ಟು. ಬಿಳಿ ಗೋಡೆಯ ಮೇಲೆ ಕಪ್ಪು ಬೂಷ್ಟು ಕಾಣುವುದು ನಮಗೆಲ್ಲ ಗೊತ್ತು. ಕಡುಬಣ್ಣದ ಮೇಲೆ ಬಿಳಿ ಬೂಷ್ಟು ಯಾರೋ ಅಕ್ಕಿಹಿಟ್ಟು ಉದುರಿಸಿದಂತೆ ಕಾಣುತ್ತದೆಂಬುದು ನನಗೆ ಗೊತ್ತಾದದ್ದು ಆ ಜುಲೈಯಲ್ಲೇ. ಒರಟು ಮ್ಯಾಟ್ ಮೇಲ್ಮೈಯಲ್ಲಿ ಎಣ್ಣೆಯ ಜಿಡ್ಡೂ ಧೂಳೂ ಸುಲಭವಾಗಿ ಕೂರುವುದರಿಂದ ಬೂಷ್ಟಿಗೆ ಊಟ ಅಲ್ಲೇ ಸಿದ್ಧ. ತೀರ ಹೊಳಪಿನ ಲ್ಯಾಮಿನೇಟಿನಲ್ಲಿಯಾದರೆ ಬೆರಳಚ್ಚುಗಳ ಕಾಟ. ಇವೆರಡರ ನಡುವಿನ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಅರೆಹೊಳಪಿನ ಲ್ಯಾಮಿನೇಟನ್ನು ಆರಿಸಿ. ಬೂಷ್ಟನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿದರೆ ಕಡುಬಣ್ಣ ಅಲ್ಲಲ್ಲಿ ಮಾಸುವ ಭಯವಿರುವುದರಿಂದ, ಬಾರದಂತೆ ನೋಡಿಕೊಳ್ಳುವುದೇ ಲೇಸು: ಎಕ್ಸಾಸ್ಟ್ ಫ್ಯಾನ್ ಇರಲಿ, ಹೊರಗೋಡೆಗೆ ಕಪಾಟಿನ ಬೆನ್ನು ಅಂಟದಂತೆ ಒಂದು ಅಂಗುಲ ಗಾಳಿಗೆ ಬಿಡಿ. ಪ್ಲೈವುಡ್ಡಿಗೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುಣಮಟ್ಟದ ಸಂಖ್ಯೆ) ಎಂಬ ಮುದ್ರೆಯಿದೆಯೇ ಎಂದು ನೀವೇ ಕಣ್ಣಾರೆ ನೋಡಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಥಂಡಿಗೆ ಉಬ್ಬುತ್ತದೆ.

ದೀಪದ ವಿಷಯದಲ್ಲಿ ಒಂದು ಮಾತು. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಂತೆ ಬೆಳಕು ಹಳದಿಯತ್ತ ವಾಲುತ್ತದೆ) ಬೆಳ್ಳನೆಯ ಟ್ಯೂಬಿನ ಕೆಳಗೆ ಕಡುಬಣ್ಣಗಳು ಬೂದು ಹಿಡಿದಂತೆ, ಜೀವವಿಲ್ಲದಂತೆ ಕಾಣುತ್ತವೆ; 3000ದಿಂದ 4000ದ ನಡುವಿನದು ಒಳ್ಳೆಯದು. ಮೇಲಿನ ಕಪಾಟಿನ ಅಡಿಗೆ ಎಲ್ಇಡಿ ಪಟ್ಟಿ ಅಂಟಿಸಿದರೆ ಹೆಚ್ಚುವ ಜಾಗಕ್ಕೆ ನೇರ ಬೆಳಕು ಬೀಳುತ್ತದೆ, ಮತ್ತು ಮೀಟರಿಗೆ ಸುಮಾರು 10 ವ್ಯಾಟ್ ಸಾಕಾಗುವುದರಿಂದ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದಾಗಲೂ ಇನ್ವರ್ಟರಿಗೆ ಭಾರವಾಗುವುದಿಲ್ಲ. ಪಟ್ಟಿಯ ಮೇಲೆ ಹಾಲುಬಿಳಿ ಮುಚ್ಚಳ ಇರಲೇಬೇಕು, ಇಲ್ಲವಾದರೆ ಹೊಳಪಿನ ಕಪ್ಪು ಗ್ರಾನೈಟಿನಲ್ಲಿ ಎಲ್ಇಡಿಯ ಒಂದೊಂದು ಚುಕ್ಕೆಯೂ ಪ್ರತಿಬಿಂಬಿಸಿ ಕಣ್ಣು ಕುಕ್ಕುತ್ತದೆ.

ನಾನು ಕೊನೆಗೆ ಗೋಡೆಯನ್ನೂ ಮೇಲಿನ ಕಪಾಟುಗಳನ್ನೂ ಕೆನೆಬಣ್ಣಕ್ಕೆ ತಿರುಗಿಸಿ, ಇದ್ದಿಲಿನ ಬಣ್ಣವನ್ನು ಕೆಳಗಿನ ಶಟರುಗಳಿಗಷ್ಟೇ ಇಳಿಸಿದೆ. ಆ ಬಣ್ಣ ಇಡೀ ಗೋಡೆಯ ಮೇಲಿದ್ದಾಗ ಯಾರ ಕಣ್ಣಿಗೂ ಬೀಳದ ಹಿತ್ತಾಳೆಯ ಹಿಡಿಗಳು ಈಗ ಎದ್ದು ಕಾಣುತ್ತವೆ. ನೀವು ನಿರ್ಧರಿಸುವ ಮೊದಲು ಎರಡು ಅಡಿಯ ಪ್ಲೈವುಡ್ ತುಂಡಿಗೆ ಮೆಚ್ಚಿದ ಬಣ್ಣವನ್ನು ಹೊಡೆಸಿ, ಒಲೆ ಬರುವ ಜಾಗದಲ್ಲಿ ಜುಲೈಯ ಒಂದು ವಾರ ನಿಲ್ಲಿಸಿ, ಬೆಳಗ್ಗೆಯೂ ಸಂಜೆ ನಾಲ್ಕಕ್ಕೂ ದೀಪವಿಲ್ಲದೆ ನೋಡಿ. ಗೃಹಪ್ರವೇಶ ಅದಕ್ಕೂ ಮೊದಲೇ ಇದ್ದರೆ ಎಲ್ಲವನ್ನೂ ತಿಳಿ ಬಣ್ಣದಲ್ಲೇ ಮುಗಿಸಿ ಒಳಹೋಗಿ. ಕೆಳಗಿನ ಶಟರುಗಳನ್ನು ಕಳಚಿ ಬಣ್ಣ ಬದಲಿಸುವುದನ್ನು ಮಳೆ ನಿಂತ ಮೇಲೆ ನಿಮ್ಮ ಬಡಗಿ ಕೆಲವೇ ದಿನಗಳಲ್ಲಿ ಮಾಡಿಕೊಡುತ್ತಾರೆ.