ಆ 96 ಯಾರದು?

ಗದಗದ ಓದುಗರೊಬ್ಬರ ಪತ್ರ: "ಮಗಳ ಶಾಲೆಯವರು ಸಂಜೆಯ ಆನ್‌ಲೈನ್ ಕ್ಲಾಸಿಗೆ ಈ ವರ್ಷ ಬೇರೆ ಫೀ ಕೇಳುತ್ತಿದ್ದಾರೆ. ಹೋದ ವರ್ಷ ಅವಳ ಹಾಜರಿ ನೂರಕ್ಕೆ 96 ಅಂತ ಕಾಗದ ತೋರಿಸುತ್ತಾರೆ. ಆದರೆ ಅವಳು ಎಷ್ಟು ಕಲಿತಿದ್ದಾಳೆ ಅಂತ ತಿಳಿಯುವುದು ಹೇಗೆ?"

ಸಂಪಾದಕರ ಉತ್ತರ:

ಆ 96 ನಿಮ್ಮ ಮೊಬೈಲಿನ ಹಾಜರಿ ರೀ, ಮಗಳದ್ದು ಅಂತ ಹೇಳಲು ಬರುವುದಿಲ್ಲ. 2020ರಲ್ಲಿ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೇ ಕ್ಲಾಸಿನ ಅವಳ ಮಗ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಆನಿಸಿ, ಕ್ಯಾಮೆರಾ ಬಂದ್ ಮಾಡಿ, ಹಿತ್ತಲಲ್ಲಿ ಬುಗುರಿ ಆಡುತ್ತಿದ್ದ. ಹೆಸರು ಕರೆಯುವ ಹೊತ್ತಿಗೆ ಓಡಿ ಬಂದು "ಪ್ರೆಸೆಂಟ್ ಮಿಸ್" ಅಂದು ಮತ್ತೆ ಮಾಯ. ವಾರದ ಟೆಸ್ಟಿನಲ್ಲಿ ಮಾತ್ರ ಹತ್ತಕ್ಕೆ ಹತ್ತು, ಯಾಕಂದ್ರೆ ಗೂಗಲ್ ಫಾರ್ಮ್ ತುಂಬುತ್ತಿದ್ದವಳು ನಮ್ಮಕ್ಕ! ಶಾಲೆ ತೆರೆದ ಮೇಲೆ 42ರಲ್ಲಿ 17 ಕಳೆ ಅಂದರೆ 35 ಅಂದ. 2ರಲ್ಲಿ 7 ಹೋಗುವುದಿಲ್ಲ, ಸರಿ, 7ರಲ್ಲೇ 2 ಕಳೆದುಬಿಟ್ಟಿದ್ದ. ದಶಕ ತೆಗೆದುಕೊಳ್ಳುವ ಪಾಠ ಬುಗುರಿ ಜೊತೆ ಹೋಗಿದೆ ಅಂತ ಆ ಒಂದು 35 ಹೇಳಿತು. ವರ್ಷದ ಹಾಜರಿ ಪಟ್ಟಿ ಹೇಳಿರಲಿಲ್ಲ.

ಮಕ್ಕಳಿಗೆ ನಿಜಕ್ಕೂ ಏನು ಬರುತ್ತದೆ ಅಂತ ನೋಡಲು ಪ್ರಥಮ್ ಎಂಬ ಸರ್ಕಾರೇತರ ಸಂಸ್ಥೆಯ ಅಸರ್ ಸಮೀಕ್ಷೆ ಮಾಡುವವರು ಮನೆಗೇ ಹೋಗುತ್ತಾರೆ. ಎರಡನೇ ಕ್ಲಾಸಿನ ಮಟ್ಟದ ಸಣ್ಣ ಕತೆಯನ್ನು ಮಗುವಿನ ಕೈಗೆ ಕೊಟ್ಟು ಓದಿಸುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು, 2022ಕ್ಕೆ ಸುಮಾರು 9. ಹಾಗಂತ ಇಳಿದದ್ದನ್ನೆಲ್ಲ ಆನ್‌ಲೈನ್ ತಲೆಗೆ ಕಟ್ಟುವುದೂ ಸರಿಯಲ್ಲ. ಕೋವಿಡ್‌ನಿಂದ ಶಾಲೆ ಮುಚ್ಚಿತ್ತು, ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನೇ ಇರಲಿಲ್ಲ. ಆನ್‌ಲೈನ್ ಪಾಠ ಸಿಕ್ಕ ಮಕ್ಕಳನ್ನೂ ಸಿಗದವರನ್ನೂ ಬೇರೆಬೇರೆ ನೋಡದೆ ಏನು ಹೇಳಿದರೂ ಅಂದಾಜೇ.

ನಿಮ್ಮ ಶಾಲೆಯವರಿಗೂ ಇದನ್ನೇ ಕೇಳಿ. ಕ್ಲಾಸು ಶುರುವಾಗುವ ಮೊದಲು ನನ್ನ ಮಗಳಿಗೆ ಏನು ಬರುತ್ತಿತ್ತು, ಈಗ ಏನು ಬರುತ್ತದೆ? ಸಂಜೆ ಕ್ಲಾಸಿಗೆ ಸೇರದ ಅವಳ ಗೆಳತಿಯರು ಅಷ್ಟೇ ತಿಂಗಳಲ್ಲಿ ಎಷ್ಟು ಮುಂದೆ ಹೋದರು? ಈ ಎರಡನೇ ಪ್ರಶ್ನೆ ಬಿಡಬೇಡಿ, ಯಾಕಂದ್ರೆ ಹಗಲು ಶಾಲೆಯಲ್ಲಿ ಟೀಚರ್ ಕಲಿಸಿದ್ದನ್ನೂ ಸಂಜೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ಬಹಳ ಸುಲಭ ಅಲ್ವಾ?

ಮನೆಯಲ್ಲೂ ನೋಡಬಹುದು. ಕ್ಲಾಸು ಮುಗಿದ ಮರುದಿನ, ಮೊಬೈಲ್ ಒಳಗಿಟ್ಟು, ಅದೇ ತರಹದ ಲೆಕ್ಕವನ್ನು ಬೇರೆ ಅಂಕಿ ಹಾಕಿ ಕೊಡಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೊಡಿ. ತಪ್ಪಾದರೆ ಬೈಯಬೇಡಿ ರೀ, ಆ ಹಾಳೆಯನ್ನು ಹಾಗೇ ಮಡಚಿಟ್ಟುಕೊಂಡು ಫೀ ಕಟ್ಟುವ ದಿನ ಶಾಲೆಗೆ ಒಯ್ಯಿರಿ.