"ಅದು ಔಷಧಿ ಅಲ್ಲ ಮೇಡಂ, ಶೀತದ ಗುಳಿಗೆ"

ನಾನು ಕೌನ್ಸೆಲರ್. ಶೀತದ ಗುಳಿಗೆಯನ್ನು ಔಷಧಿ ಅಂತಲೇ ಲೆಕ್ಕಕ್ಕೆ ತಗೊಳ್ಳದ ಒಬ್ಬರಾದರೂ ಪ್ರತಿ ಮಳೆಗಾಲದಲ್ಲೂ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ.

ಸುಮಾಗೆ 20 ವರ್ಷ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಸಿಎ ಇಂಟರ್ ಓದು. ಒಂದು ಸಲ ಫೇಲಾಗಿದ್ದಳು. "ಓದಿದ್ದು ತಲೆಗೆ ಹತ್ತಲ್ಲ, ಪುಸ್ತಕ ತೆಗೆಯೋಕೇ ಮನಸ್ಸಿಲ್ಲ" ಅನ್ನುತ್ತಿದ್ದಳು. ಅಪ್ಪನ ಪ್ರಕಾರ ಅದು ಸೋಮಾರಿತನ. ನಾನು ಮೂರು ಭೇಟಿ ಟೈಮ್‌ಟೇಬಲ್, ಮೊಬೈಲ್, ಪರೀಕ್ಷೆಯ ಭಯ ಅಂತಲೇ ಕಳೆದೆ. ಆ ಮೂರು ಭೇಟಿ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ನಾಲ್ಕನೇ ಸಲ ತಾಯಿಯೂ ಜೊತೆಗೆ ಬಂದಿದ್ದರು. "ಓದಿದ್ದು ಚೆನ್ನಾಗಿ ನೆನಪಿದ್ದದ್ದು ಕೊನೆಗೆ ಯಾವಾಗ?" ಅಂತ ಕೇಳಿದೆ. ಸುಮಾ ಯೋಚಿಸಲೇ ಇಲ್ಲ. "ಮೇ ತಿಂಗಳಲ್ಲಿ, ಕುಂದಾಪುರದ ಅಜ್ಜಿ ಮನೇಲಿ. ಅಲ್ಲಿ ತಲೆ ಹಗುರ ಇತ್ತು. ಇಲ್ಲಿ ಬೆಳಿಗ್ಗೆ ಎದ್ದರೆ ತಲೆಗೆ ಹತ್ತಿ ತುಂಬಿಟ್ಟ ಹಾಗೆ." ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಊಟ, ನಿದ್ದೆ, ಗೆಳತಿಯರು. ಆಮೇಲೆ ಔಷಧಿ. ಏನೂ ಇಲ್ಲ ಅಂದಳು. ಆಗ ತಾಯಿ, "ಅಲ್ಲಿ ಸೀನು ಬರಲ್ಲ. ಇಲ್ಲಿ ಗೋಡೆ ಪೂರ್ತಿ ಬೂಷ್ಟು, ರಾತ್ರಿ ಒಂದು ಗುಳಿಗೆ ಕೊಡಲೇಬೇಕು" ಅಂದರು. ಮತ್ತೆ ಈಗ ತಾನೇ ಔಷಧಿ ಇಲ್ಲ ಅಂದಿರಲ್ಲ ಅಂತ ಕೇಳಿದೆ. "ಅದು ಔಷಧಿ ಅಲ್ಲ ಮೇಡಂ, ಶೀತದ ಗುಳಿಗೆ ಅಷ್ಟೇ." ಪರ್ಸಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು ತೋರಿಸಿದರು. ಕ್ಲೋರ್‌ಫೆನಿರಮಿನ್, ಅಂದರೆ ಹಿಸ್ಟಮೀನ್ ಅನ್ನುವ ರಾಸಾಯನಿಕವನ್ನು ತಡೆಯುವ ಹಳೆಯ ಕಾಲದ ಅಲರ್ಜಿ ಗುಳಿಗೆ. ಜೂನ್‌ನಿಂದ ದಿನಾ ಒಂದು.

ಹಿಸ್ಟಮೀನ್ ಅಂದರೆ ನಮಗೆಲ್ಲ ಮೂಗು ಸೋರುವುದು, ತುರಿಕೆ ಅಷ್ಟೇ ಗೊತ್ತು. ಆದರೆ ಮಿದುಳೂ ಅದನ್ನು ತನಗಾಗಿ ತಯಾರಿಸಿಕೊಳ್ಳುತ್ತದೆ. ಮಿದುಳಿನ ಆಳದಲ್ಲಿರುವ ಹೈಪೋಥಾಲಮಸ್ ಅನ್ನುವ ಭಾಗದ ಹಿಂಬದಿಯಲ್ಲಿ ಇದಕ್ಕೆಂದೇ ಸುಮಾರು 64 ಸಾವಿರ ನರಕೋಶಗಳಿವೆ. ಅವು ನಾವು ಎಚ್ಚರವಿದ್ದಾಗ ಮಾತ್ರ ಮಿಡಿಯುತ್ತವೆ, ಮಿದುಳಿನ ಉದ್ದಗಲಕ್ಕೂ "ಎಚ್ಚರ ಇರು, ಗಮನ ಕೊಡು" ಅಂತ ಸುದ್ದಿ ಕಳಿಸುತ್ತವೆ. ಗಮನ ಇಲ್ಲದೆ ನೆನಪು ಕೂರುವುದಾದರೂ ಹೇಗೆ? ಹಳೆಯ ಕಾಲದ ಅಲರ್ಜಿ ಗುಳಿಗೆಗಳು ಮೂಗಿನಲ್ಲಿ ಮಾಡುವ ಕೆಲಸವನ್ನೇ ಮಿದುಳಿನೊಳಗೂ ಹೋಗಿ ಮಾಡುತ್ತವೆ, ಅಂದರೆ ಹಿಸ್ಟಮೀನ್ ಕೂರುವ ಎಚ್1 ಜಾಗವನ್ನು ಮುಚ್ಚಿಬಿಡುತ್ತವೆ. ದೇಹದಲ್ಲಿ ಕ್ಲೋರ್‌ಫೆನಿರಮಿನ್ ಅರ್ಧಕ್ಕೆ ಇಳಿಯಲೇ ಸುಮಾರು 20 ಗಂಟೆ ಬೇಕು. ರಾತ್ರಿ ನುಂಗಿದ್ದು ಬೆಳಿಗ್ಗೆ ಕ್ಲಾಸಿನಲ್ಲೂ ಕೂತಿರುತ್ತದೆ.

ಓದಲು ಮನಸ್ಸೇ ಬಾರದ್ದಕ್ಕೂ ಇದೇ ಕಾರಣವಾ? ಹಾಗಂತ ಖಂಡಿತವಾಗಿ ಹೇಳಲಾರೆ. ಹಸಿದ ಇಲಿ ಊಟಕ್ಕೆ ಕಾಯುವಾಗ ಈ ಕೋಶಗಳು ಚುರುಕಾಗುತ್ತವೆ. ಅದೇ ಕೋಶಗಳಿರುವ ಜಾಗಕ್ಕೆ ಪೆಟ್ಟಾದ ಇಲಿಗಳಲ್ಲಿ ಖುಷಿಯ ಸೆಳೆತ ಕಡಿಮೆಯಾಗುವ ಬದಲು ಜಾಸ್ತಿಯಾದದ್ದೂ ಕಂಡಿದೆ. ಖುಷಿಯ ವಿಷಯದಲ್ಲಿ ಹಿಸ್ಟಮೀನ್‌ಗೆ ಎರಡು ಮುಖ. ಮಂಪರಿನಲ್ಲಿರುವ ಹುಡುಗಿಗೆ ಹುಮ್ಮಸ್ಸು ಬರುವುದು ಕಷ್ಟ, ಅಷ್ಟು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ನಾನು ಕೊಟ್ಟ ಸಲಹೆ ಇಷ್ಟೇ. ಗುಳಿಗೆಯ ವಿಷಯ ಡಾಕ್ಟರಿಗೆ ಹೇಳಿ, ಮಿದುಳಿಗೆ ಅಷ್ಟಾಗಿ ಹೋಗದ ಫೆಕ್ಸೊಫೆನಡಿನ್‌ನಂಥದ್ದು ಅಥವಾ ಮೂಗಿನ ಸ್ಪ್ರೇ ಆಗುತ್ತದಾ ಕೇಳಿ. ಗೋಡೆಯ ಬೂಷ್ಟು ತೆಗೆಸಿ. ಅಲ್ಲಿವರೆಗೆ ಅವಳನ್ನು ಸೋಮಾರಿ ಅನ್ನಬೇಡಿ. ನೀನು ಡಾಕ್ಟರಲ್ಲ, ಇದೆಲ್ಲ ನಿನಗ್ಯಾಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಗುಳಿಗೆ ಬರೆದುಕೊಡಲಿಲ್ಲ, ನಿಲ್ಲಿಸಿ ಅಂತಲೂ ಹೇಳಲಿಲ್ಲ. ಮಗು ಏನು ನುಂಗುತ್ತಿದೆ ಅಂತ ಕೇಳದೆ ಅದರ ಮನಸ್ಸಿನ ಬಗ್ಗೆ ಮಾತಾಡುವುದು ತಪ್ಪು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಪ್ಪ ಇನ್ನೊಂದು ಕೇಳಿದರು. ಹಾಗಾದರೆ ಹಿಸ್ಟಮೀನ್ ಹೆಚ್ಚಿಸುವ ಗುಳಿಗೆ ಇದೆಯಾ? 2019ರಲ್ಲಿ ಜಪಾನಿನ ಸಂಶೋಧಕರು ತಲೆಸುತ್ತಿಗೆ ಕೊಡುವ ಬೀಟಾಹಿಸ್ಟೀನ್‌ನಿಂದ ಮೊದಲು ನೋಡಿ ಮರೆತ ಚಿತ್ರಗಳು ಕೆಲವರಿಗೆ ನೆನಪಾದದ್ದನ್ನು ಕಂಡರು. ಆದರೆ ಎಲ್ಲರಿಗೂ ಒಂದೇ ಥರ ಫಲ ಸಿಗಲಿಲ್ಲ. ಬೇಡ ಸಾರ್, ಪರೀಕ್ಷೆಗೆ ಅಂತ ಸುಮ್ನೆ ಅದನ್ನು ತರಬೇಡಿ ಅಂದೆ.

ಡಾಕ್ಟರ್ ಗುಳಿಗೆ ಬದಲಿಸಿದರು. ಎರಡು ವಾರದಲ್ಲಿ ಬೆಳಗಿನ ಮಂಪರು ಹೋಯಿತು. ಪರೀಕ್ಷೆಯ ಭಯ ಇನ್ನೂ ಇದೆ, ಅದಕ್ಕಾಗಿ ಸುಮಾ ಈಗಲೂ ಬರುತ್ತಾಳೆ. ಮೊನ್ನೆ ತಾಯಿ ಫೋನ್ ಮಾಡಿದ್ದರು. ಚೌತಿಗೆ ಅಜ್ಜಿ ಬರುತ್ತಾರಂತೆ, ಅವರಿಗೆ ನಿದ್ದೆ ಕಮ್ಮಿಯಂತೆ. "ಹಳೇ ಸ್ಟ್ರಿಪ್ ಉಳಿದಿದೆ ಮೇಡಂ, ಅವರಿಗೆ ಕೊಡಲಾ?" ಬೇಡವೇ ಬೇಡ, ವಯಸ್ಸಾದವರಿಗೆ ಆ ಗುಳಿಗೆಯಿಂದ ಗಲಿಬಿಲಿ, ಮರೆವು ಇನ್ನೂ ಜಾಸ್ತಿ ಅಂದೆ. ಅದನ್ನು ಆವತ್ತೇ ಮನೆಯಿಂದ ಆಚೆ ಹಾಕಿಸಿದೆ.